ಚಂದಾ ಹಣ ಮತ್ತು ಮೂರು ತಿಂಗಳ ಲಾಭ

2025ರ ನವೆಂಬರಿನ ಒಂದು ಬೆಳಿಗ್ಗೆ ಬಸವನಗುಡಿಯ ಕೃಷ್ಣರಾವ್ ಉದ್ಯಾನದಲ್ಲಿ ನಡಿಗೆ ಮುಗಿಸಿ ಕುಳಿತಿದ್ದೆ. ನಮ್ಮ ಬೀದಿಯ ನಿವೃತ್ತ ಗಣಿತದ ಮೇಷ್ಟ್ರು ಜೇಬಿನಿಂದ ಪತ್ರಿಕೆಯ ಒಂದು ತುಣುಕು ತೆಗೆದು ನನ್ನ ಮುಂದೆ ಹಿಡಿದರು. ನಿವೃತ್ತಿಯ ಸಂದರ್ಭದಲ್ಲಿ ಬಂದ ಹಣದಲ್ಲಿ ಅವರು ಟಿವಿ ವಾಹಿನಿಗಳನ್ನು ನಡೆಸುವ ಒಂದು ಕಂಪನಿಯ ಷೇರುಗಳನ್ನು ಕೊಂಡಿದ್ದರು. ಆ ಕಂಪನಿಯ ತ್ರೈಮಾಸಿಕ ಫಲಿತಾಂಶದ ಪ್ರಕಟಣೆ ಅದು. ಆಡಳಿತ ಮಂಡಳಿ ಫಲಿತಾಂಶವನ್ನು ಅಂಗೀಕರಿಸಿದೆ ಎಂಬ ಒಂದು ವಾಕ್ಯ, ಜಾಲತಾಣದ ವಿಳಾಸ, ಅದರ ಕೆಳಗೆ ಚೌಕಾಕಾರದ ಒಂದು ಕ್ಯೂಆರ್ ಕೋಡ್. ಅಂಕಿ ಒಂದೂ ಇರಲಿಲ್ಲ.

‘ಇದೇನು ಆಡಿಟರ್ರೇ, ರಂಗೋಲಿ ಹಾಕಿದಾರೆ, ಲೆಕ್ಕ ಎಲ್ಲಿ?’ ಎಂದರು.

ಮನೆಗೆ ಹೋಗಿ ಮೊಮ್ಮಗಳ ಫೋನಿನಲ್ಲಿ ಆ ರಂಗೋಲಿಯನ್ನು ಬಿಡಿಸಿ ನೋಡಿದೆವು. ಲೆಕ್ಕ ಇತ್ತು: ವರಮಾನ, ಖರ್ಚು, ತೆರಿಗೆ, ನಿವ್ವಳ ಲಾಭ, ಷೇರೊಂದಕ್ಕೆ ಗಳಿಕೆ. ಮೇಷ್ಟ್ರು ಪೂರ್ತಿ ಓದಿದರು. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ‘ಲಾಭ ಇಷ್ಟು ಅಂತ ಹಾಕಿದಾರೆ, ಸರಿ. ಒಂದು ಸಿನಿಮಾ ಕೊಂಡರೆ ಅದರ ಖರ್ಚನ್ನು ಎಷ್ಟು ವರ್ಷಕ್ಕೆ ಹಂಚುತ್ತಾರೆ ಅನ್ನೋದು ಎಲ್ಲಿದೆ?’

ಅದು ಅಲ್ಲಿರಲಿಲ್ಲ. ಲೆಕ್ಕಪತ್ರ ನೀತಿಗಳು ಹಿಂದಿನ ವಾರ್ಷಿಕ ಲೆಕ್ಕಪತ್ರಗಳಲ್ಲಿ ಅನುಸರಿಸಿದಂತೆಯೇ ಇವೆ ಎನ್ನುವ ಒಂದು ವಾಕ್ಯ ಬರೆದರೆ ಮಧ್ಯಂತರ ವರದಿಯ ಮಟ್ಟಿಗೆ ಕಂಪನಿಯ ಕರ್ತವ್ಯ ಮುಗಿಯಿತು. 2002ರಲ್ಲಿ ಜಾರಿಗೆ ಬಂದ ಮಧ್ಯಂತರ ಹಣಕಾಸು ವರದಿಯ 25ನೇ ಲೆಕ್ಕಪತ್ರ ಮಾನದಂಡವಾಗಲಿ, ಈಗ ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 34 ಆಗಲಿ ಇದಕ್ಕಿಂತ ಹೆಚ್ಚಿನದನ್ನು ಕಡ್ಡಾಯಗೊಳಿಸಿಲ್ಲ. ನೀತಿಯಲ್ಲಿ ಬದಲಾವಣೆಯಾದರೆ ಮಾತ್ರ ಹೇಳಬೇಕು. ಬದಲಾಗದಿದ್ದರೆ, ಮೂಲ ನೀತಿ ಏನೆಂದು ತಿಳಿಯಲು ಓದುಗ ನೂರಾರು ಪುಟಗಳ ವಾರ್ಷಿಕ ವರದಿಯನ್ನು ಹುಡುಕಿ ತೆಗೆಯಬೇಕು.

ಅಂಕಿಗಳೇ ಇಲ್ಲದ ಪ್ರಕಟಣೆಗೂ ಕಾನೂನಿನ ಒಪ್ಪಿಗೆ ಇದೆ. ಹಿಂದೆ ಕಂಪನಿಗಳು ತಮ್ಮ ಫಲಿತಾಂಶದ ಸಾರಾಂಶವನ್ನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿಯೂ, ನೋಂದಾಯಿತ ಕಚೇರಿ ಇರುವ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲಿಯೂ ಪ್ರಕಟಿಸಬೇಕಾಗಿತ್ತು. 2024ರ ಡಿಸೆಂಬರಿನಲ್ಲಿ ಸೆಬಿ ತಂದ ತಿದ್ದುಪಡಿಯ ನಂತರ ಕ್ಯೂಆರ್ ಕೋಡ್ ಮತ್ತು ಜಾಲತಾಣದ ವಿಳಾಸ ಕೊಟ್ಟರೆ ಸಾಕು. ಕಾಗದ ಉಳಿಯಿತು, ಕಂಪನಿಗೆ ಜಾಹೀರಾತಿನ ಖರ್ಚೂ ಉಳಿಯಿತು. ಹಳೆಯ ವ್ಯವಸ್ಥೆಯಿಂದಲೂ ಕನ್ನಡಿಗನಿಗೆ ಆಗುತ್ತಿದ್ದ ಉಪಕಾರ ಅಷ್ಟಕ್ಕಷ್ಟೇ. ಉದಯ ಟಿವಿಯ ಒಡೆತನದ ಸನ್ ಟಿವಿ ನೆಟ್‌ವರ್ಕ್‌ನ ನೋಂದಾಯಿತ ಕಚೇರಿ ಚೆನ್ನೈಯಲ್ಲಿದೆ, ಜೀ ಕನ್ನಡದ ಮಾತೃಸಂಸ್ಥೆಯದು ಮುಂಬೈಯಲ್ಲಿದೆ. ಹಾಗಾಗಿ ‘ಪ್ರಾದೇಶಿಕ ಭಾಷೆ’ಯ ಪ್ರಕಟಣೆ ಒಂದಕ್ಕೆ ತಮಿಳಿನಲ್ಲಿ, ಇನ್ನೊಂದಕ್ಕೆ ಮರಾಠಿಯಲ್ಲಿ. ಮಲ್ಲೇಶ್ವರದ ಮನೆಗಳಲ್ಲಿ ಸಂಜೆಯಿಡೀ ನೋಡುವ ವಾಹಿನಿಗಳ ಲೆಕ್ಕ ಕನ್ನಡದಲ್ಲಿ ಬರಬೇಕೆಂಬ ನಿಯಮ ಎಂದೂ ಇರಲಿಲ್ಲ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ 2024ರ ನವೆಂಬರಿನಿಂದ ಜಿಯೋಸ್ಟಾರ್ ಎಂಬ ಒಂದೇ ಮನೆಗೆ ಸೇರಿವೆ. ಆ ಕಂಪನಿ ಸ್ವತಃ ಷೇರುಪೇಟೆಯಲ್ಲಿಲ್ಲ.

ಲೆಕ್ಕಪತ್ರ ನೀತಿ ಎಂದೊಡನೆ ಓದುಗರು ಪುಟ ತಿರುಗಿಸುತ್ತಾರೆಂದು ನನಗೆ ಗೊತ್ತು. ನಾಲ್ಕು ದಶಕ ಇದೇ ವೃತ್ತಿಯಲ್ಲಿದ್ದು ಹೇಳುತ್ತಿದ್ದೇನೆ: ಲಾಭದ ಅಂಕಿಗಿಂತ ಆ ಅಂಕಿಯನ್ನು ಹುಟ್ಟಿಸಿದ ನೀತಿಯೇ ಮುಖ್ಯ. ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ.

1986ರ ಮಾತು. ಆಗಷ್ಟೇ ವೃತ್ತಿ ಆರಂಭಿಸಿದ್ದ ನಾನು ಚಾಮರಾಜಪೇಟೆಯ ಒಂದು ಸಣ್ಣ ವಾರಪತ್ರಿಕೆಯ ಲೆಕ್ಕ ನೋಡುತ್ತಿದ್ದೆ. ಹೆಸರು ಬೇಡ, ಪತ್ರಿಕೆಯೂ ಇಲ್ಲ, ಮಾಲೀಕರೂ ಇಲ್ಲ. ಮುಂದೆ ಕಚೇರಿ, ಹಿಂದೆ ಮುದ್ರಣಾಲಯ, ನಡುವೆ ಕಾಗದದ ರೀಮುಗಳ ಓಣಿ. ಗೌರಿ-ಗಣೇಶ ಹಬ್ಬಕ್ಕೆ ಮೊದಲು ಅವರು ಚಂದಾ ಅಭಿಯಾನ ನಡೆಸಿದರು. ವಾರ್ಷಿಕ ಚಂದಾ 60 ರೂಪಾಯಿ. ಸುಮಾರು 4,000 ಮಂದಿ ಹಣ ಕಟ್ಟಿದರು, ಅಂದರೆ 2 ಲಕ್ಷ 40 ಸಾವಿರ ರೂಪಾಯಿ. ಆ ಕಾಲಕ್ಕೆ ಅಂಥ ಸಂಸ್ಥೆಗೆ ಅದು ದೊಡ್ಡ ಮೊತ್ತ. ಓವರ್‌ಡ್ರಾಫ್ಟ್ ಮಿತಿ ಹೆಚ್ಚಿಸಲು ಬ್ಯಾಂಕು ಸೆಪ್ಟೆಂಬರ್ ಅಂತ್ಯದವರೆಗಿನ ಅರ್ಧವಾರ್ಷಿಕ ಲೆಕ್ಕ ಕೇಳಿತು. ಮಾಲೀಕರು ಚಂದಾ ಹಣ ಪೂರ್ತಿಯನ್ನೂ ಆದಾಯದ ಕಡೆ ಬರೆಸಿದರು. ನಾನು ಸಹಿ ಹಾಕಿದೆ.

ಸೆಪ್ಟೆಂಬರ್ 30ರ ಹೊತ್ತಿಗೆ ಆ ಚಂದಾದಾರರಿಗೆ ತಲುಪಿದ್ದುದು 52 ಸಂಚಿಕೆಗಳಲ್ಲಿ ಆರು ಮಾತ್ರ. ಪತ್ರಿಕೆ ನಿಜವಾಗಿ ಗಳಿಸಿದ್ದು 52ರಲ್ಲಿ 6 ಪಾಲು, ಸುಮಾರು 28 ಸಾವಿರ ರೂಪಾಯಿ. ಉಳಿದ 2 ಲಕ್ಷ 12 ಸಾವಿರ, ಇನ್ನೂ ಕಳುಹಿಸಬೇಕಾಗಿದ್ದ 46 ಸಂಚಿಕೆಗಳ ಋಣ. ಋಣವನ್ನು ನಾವು ಆದಾಯ ಎಂದು ಬರೆದೆವು. ಬ್ಯಾಂಕು ಲಾಭ ನೋಡಿ ಮಿತಿ ಹೆಚ್ಚಿಸಿತು, ಮಾಲೀಕರು ಆಫ್‌ಸೆಟ್ ಯಂತ್ರ ಕೊಂಡರು. ಮಾರ್ಚಿಗೆ ಬಂದಾಗ ಕಾಗದ ಕೊಳ್ಳಲು ಹಣವಿರಲಿಲ್ಲ. ಬೇಸಿಗೆಯಲ್ಲಿ ಪತ್ರಿಕೆ ನಿಂತಿತು. ಚಂದಾದಾರರಲ್ಲಿ ನನ್ನ ತಾಯಿಯೂ ಒಬ್ಬರು.

ಆ ಲೆಕ್ಕದಲ್ಲಿ ಸುಳ್ಳು ರಸೀದಿ ಇರಲಿಲ್ಲ, ಹಣವನ್ನು ಯಾರೂ ಜೇಬಿಗಿಳಿಸಿರಲಿಲ್ಲ. ಇದ್ದದ್ದು ಒಂದು ನೀತಿ: ಹಣ ಬಂದ ದಿನವೇ ಆದಾಯ. ಪತ್ರಿಕೆಯ ಚಂದಾವನ್ನು ಅವಧಿಗೆ ಹಂಚಿ ಆದಾಯವೆಂದು ಬರೆಯಬೇಕು, ಅಲ್ಲಿಯವರೆಗೆ ಮುಂದೂಡಬೇಕು ಎಂದು ನಮ್ಮ ಲೆಕ್ಕಪರಿಶೋಧಕರ ಸಂಸ್ಥೆ 1985ರಲ್ಲಿಯೇ ಹೊರಡಿಸಿದ್ದ 9ನೇ ಮಾನದಂಡದ ಅನುಬಂಧದಲ್ಲಿ ಸ್ಪಷ್ಟವಾಗಿತ್ತು. ಆ ಪುಸ್ತಿಕೆ ನನ್ನ ಕಪಾಟಿನಲ್ಲಿತ್ತು. ಅದು ಆಗ ಶಿಫಾರಸು ಮಾತ್ರ, ಕಡ್ಡಾಯವಲ್ಲ ಎಂದು ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಇಂದಿನ ಮಾಧ್ಯಮ ಕಂಪನಿಗಳ ಗಾತ್ರ ಬೇರೆ, ಮಾನದಂಡಗಳೂ ಬಿಗಿಯಾಗಿವೆ. ಆದರೂ ಮಾಧ್ಯಮದ ಲೆಕ್ಕದಲ್ಲಿ ಊಹೆಗೆ ಇರುವ ಜಾಗ ಬೇರೆ ಉದ್ಯಮಗಳಲ್ಲಿ ಕಡಿಮೆ. ಸಿಮೆಂಟ್ ಕಾರ್ಖಾನೆಯ ದಾಸ್ತಾನನ್ನು ತೂಕ ಮಾಡಬಹುದು. ವಾಹಿನಿಯೊಂದರ ದಾಸ್ತಾನು ಎಂದರೆ ಕೊಂಡಿಟ್ಟ ಸಿನಿಮಾ ಹಕ್ಕುಗಳು, ಚಿತ್ರೀಕರಣವಾದ ಧಾರಾವಾಹಿಗಳು. ಒಂದು ಸಿನಿಮಾವನ್ನು ಐದು ವರ್ಷದ ಹಕ್ಕಿಗೆ 5 ಕೋಟಿ ಕೊಟ್ಟು ಕೊಂಡರೆಂದು ಇಟ್ಟುಕೊಳ್ಳೋಣ. ಮೊದಲ ಪ್ರಸಾರದ ದಿನವೇ ಪೂರ್ತಿ ಖರ್ಚು ಬರೆದರೆ ಆ ತ್ರೈಮಾಸಿಕದ ಮೇಲೆ 5 ಕೋಟಿಯ ಹೊರೆ. ಐದು ವರ್ಷಕ್ಕೆ ಸಮನಾಗಿ ಹಂಚಿದರೆ ತ್ರೈಮಾಸಿಕಕ್ಕೆ 25 ಲಕ್ಷ. ಸಿನಿಮಾ ಅದೇ, ಕೊಟ್ಟ ಹಣ ಅದೇ, ನೋಡುವ ಜನರೂ ಅವರೇ. ಲಾಭದಲ್ಲಿ 4 ಕೋಟಿ 75 ಲಕ್ಷದ ವ್ಯತ್ಯಾಸ. ಎರಡೂ ಪದ್ಧತಿಗಳಿಗೆ ಸಮರ್ಥನೆ ಇದೆ. ದೊಡ್ಡ ನಟನ ಚಿತ್ರವನ್ನು ಹಬ್ಬಕ್ಕೊಮ್ಮೆ ಹಾಕಿದರೆ ಜಾಹೀರಾತು ಬರುತ್ತದೆ ಎನ್ನುವುದು ನಿಜ. ಆದರೆ ನಾಲ್ಕನೆಯ ಸಲ ಹಾಕಿದಾಗ ಮೊದಲ ಸಲದಷ್ಟೇ ಬರುತ್ತದೆಯೇ? ಸಮನಾಗಿ ಹಂಚುವ ನೀತಿ, ಬರುತ್ತದೆ ಎಂದು ಸದ್ದಿಲ್ಲದೆ ಊಹಿಸುತ್ತದೆ.

ಈ ಊಹೆ ಬದಲಾದಾಗ ಏನಾಗುತ್ತದೆ ಎನ್ನುವುದಕ್ಕೆ 2020ರ ಜನವರಿ-ಮಾರ್ಚ್ ತ್ರೈಮಾಸಿಕವನ್ನು ನೋಡಬೇಕು. ಜೀ ಎಂಟರ್‌ಟೈನ್‌ಮೆಂಟ್ ಆ ಅವಧಿಗೆ ಸುಮಾರು 766 ಕೋಟಿ ರೂಪಾಯಿ ನಷ್ಟ ತೋರಿಸಿತು. ಅದಕ್ಕೆ ಹಲವು ಕಾರಣಗಳಿದ್ದವು. ಅವುಗಳಲ್ಲಿ ಒಂದು, ಕೊಂಡಿಟ್ಟ ಸಿನಿಮಾ ಮತ್ತಿತರ ಹಕ್ಕುಗಳ ಮೌಲ್ಯವನ್ನು ಪುನರ್ವಿಮರ್ಶಿಸಿ ಸುಮಾರು 260 ಕೋಟಿಯಷ್ಟನ್ನು ಒಮ್ಮೆಗೇ ಹೆಚ್ಚುವರಿಯಾಗಿ ಖರ್ಚು ಹಾಕಿದ್ದು. ಕಂಪನಿ ಇದನ್ನು ಬಚ್ಚಿಡಲಿಲ್ಲ, ಟಿಪ್ಪಣಿಯಲ್ಲಿ ಹೇಳಿತು. ಲೆಕ್ಕಶಾಸ್ತ್ರದಲ್ಲಿ ಇಂಥದ್ದಕ್ಕೆ ‘ಅಂದಾಜಿನ ಬದಲಾವಣೆ’ ಎಂದು ಹೆಸರು. ನೀತಿ ಬದಲಾದರೆ ಹಿಂದಿನ ಅವಧಿಗಳ ಅಂಕಿಗಳನ್ನೂ ಸಾಮಾನ್ಯವಾಗಿ ತಿದ್ದಿ ತೋರಿಸಬೇಕು. ಅಂದಾಜು ಬದಲಾದರೆ ಅಂದಿನಿಂದ ಮುಂದಕ್ಕೆ ಮಾತ್ರ. ಹಿಂದಿನ ತ್ರೈಮಾಸಿಕಗಳಲ್ಲಿ ತೋರಿಸಿದ ಲಾಭ ಹಾಗೆಯೇ ಉಳಿಯುತ್ತದೆ. ಆ ಲಾಭವನ್ನು ನಂಬಿ ಷೇರು ಕೊಂಡವರ ಮಟ್ಟಿಗೆ, ಹಳೆಯ ಖರ್ಚಿನ ಪಾಲು ಅವರು ಒಳಬಂದ ಮೇಲೆ ಬಂದು ಬಿತ್ತು. ಇದರಲ್ಲಿ ಕಾನೂನಿನ ಉಲ್ಲಂಘನೆ ಏನೂ ಇಲ್ಲ, ಮತ್ತು ನನಗೆ ಚಿಂತೆ ಹುಟ್ಟಿಸುವುದೂ ಅದೇ.

ಗಾಂಧಿನಗರದ ನಿರ್ಮಾಪಕರು ಕೆಲವು ವರ್ಷಗಳಿಂದ ವಾಹಿನಿಗಳು ಮೊದಲಿನಂತೆ ಸಿನಿಮಾ ಕೊಳ್ಳುತ್ತಿಲ್ಲ ಎಂದು ದೂರುತ್ತಿದ್ದಾರೆ. ಪ್ರೇಕ್ಷಕರ ಅಭಿರುಚಿ, ಒಟಿಟಿ, ಕೋವಿಡ್ ಎಂದು ಕಾರಣಗಳನ್ನು ಪಟ್ಟಿ ಮಾಡುತ್ತಾರೆ. ಅವೆಲ್ಲ ಇರಬಹುದು. ಖರ್ಚನ್ನು ಮುಂದೂಡುವ ನೀತಿ ಇದ್ದಾಗ ಕೊಳ್ಳುವವನಿಗೆ ಕೈ ಸಡಿಲ, ಮುಂದೂಡಿದ್ದು ಒಟ್ಟಾಗಿ ಬಂದು ನಿಂತಾಗ ಕೈ ಬಿಗಿ; ಇದನ್ನೂ ಆ ಪಟ್ಟಿಗೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಜಾಹೀರಾತಿನ ಲೆಕ್ಕ ನೋಡಲು ಸುಲಭ: ಪ್ರಕಟವಾದ ದಿನ ಆದಾಯ. ಆದರೆ ಹಣದ ಬದಲು ಜಾಹೀರಾತುದಾರ ತನ್ನ ಕಂಪನಿಯ ಷೇರು ಕೊಟ್ಟರೆ? ಈ ಶತಮಾನದ ಮೊದಲ ದಶಕದಲ್ಲಿ ದೇಶದ ದೊಡ್ಡ ಪತ್ರಿಕಾ ಸಮೂಹಗಳು ‘ಖಾಸಗಿ ಒಪ್ಪಂದ’ಗಳ ಹೆಸರಿನಲ್ಲಿ ಈ ವಿನಿಮಯಕ್ಕೆ ಇಳಿದವು. ಪತ್ರಿಕೆ ಪಾಲು ಹೊಂದಿರುವ ಕಂಪನಿಯ ಸುದ್ದಿ ಪ್ರಕಟಿಸುವಾಗ ಆ ಸಂಗತಿಯನ್ನು ಓದುಗರಿಗೆ ತಿಳಿಸಬೇಕೆಂದು ಸೆಬಿ ಪತ್ರಿಕಾ ಮಂಡಳಿಯ ಗಮನ ಸೆಳೆದು, 2010ರಲ್ಲಿ ಅದು ನಿಯಮದ ರೂಪ ಪಡೆಯಿತು. ಸುದ್ದಿಯ ಪ್ರಾಮಾಣಿಕತೆಯ ಬಗ್ಗೆ ಆಗ ಸಾಕಷ್ಟು ಚರ್ಚೆಯಾಯಿತು, ಲೆಕ್ಕದ ಬಗ್ಗೆ ಆಗಲಿಲ್ಲ. ಜಾಹೀರಾತು ಪ್ರಕಟವಾದ ತ್ರೈಮಾಸಿಕದಲ್ಲಿ ಷೇರಿನ ಅಂದಿನ ಮೌಲ್ಯಕ್ಕೆ ವರಮಾನ ಜಮಾ ಆಗುತ್ತದೆ. ಆ ಷೇರು ಪೇಟೆಯಲ್ಲಿ ನೋಂದಣಿಯೇ ಆಗದ ಕಂಪನಿಯದಾಗಿದ್ದರೆ ‘ಅಂದಿನ ಮೌಲ್ಯ’ ಎಂಬುದು ಯಾರೋ ಮೌಲ್ಯಮಾಪಕರು ಕೊಟ್ಟ ಅಭಿಪ್ರಾಯ. ಎರಡು ವರ್ಷದ ನಂತರ ಅದು ಕಾಗದದ ಬೆಲೆಗೆ ಇಳಿದಾಗ ನಷ್ಟ ಬೇರೊಂದು ತ್ರೈಮಾಸಿಕದ, ಬೇರೊಂದು ಶೀರ್ಷಿಕೆಯ ಕೆಳಗೆ ಬಂದು ಕೂರುತ್ತದೆ. ಮೇಷ್ಟ್ರಂಥ ಓದುಗರು ಈ ಎರಡು ತುದಿಗಳನ್ನು ಹೇಗೆ ಸೇರಿಸಿ ನೋಡಬೇಕು?

ಇನ್ನು ಹಬ್ಬಗಳು. ಇದು ಮೋಸವೂ ಅಲ್ಲ, ಊಹೆಯೂ ಅಲ್ಲ, ಪಂಚಾಂಗ. 2024ರಲ್ಲಿ ನವರಾತ್ರಿ ಅಕ್ಟೋಬರ್ 3ಕ್ಕೆ ಆರಂಭವಾಯಿತು. 2025ರಲ್ಲಿ ಸೆಪ್ಟೆಂಬರ್ 22ಕ್ಕೇ ಆರಂಭವಾಗಿ ಅಕ್ಟೋಬರ್ 2ಕ್ಕೆ ವಿಜಯದಶಮಿ ಬಂತು. ಆಯುಧಪೂಜೆಯ ಆಸುಪಾಸಿನ ಪುಟಪುಟ ಜಾಹೀರಾತುಗಳೇ ನಮ್ಮ ಪತ್ರಿಕೆಗಳಿಗೆ ವರ್ಷದ ಸುಗ್ಗಿ. ಆ ಸುಗ್ಗಿಯ ಬಹುಪಾಲು 2024ರಲ್ಲಿ ಅಕ್ಟೋಬರ್-ಡಿಸೆಂಬರ್ ಲೆಕ್ಕಕ್ಕೆ ಸೇರಿದ್ದರೆ, 2025ರಲ್ಲಿ ದೊಡ್ಡ ಭಾಗ ಜುಲೈ-ಸೆಪ್ಟೆಂಬರ್ ಲೆಕ್ಕಕ್ಕೆ ಸರಿಯಿತು. (ಅದೇ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳ ಇಳಿಕೆಯೂ ಜಾರಿಗೆ ಬಂದು ಲೆಕ್ಕವನ್ನು ಮತ್ತಷ್ಟು ಕಲಕಿತು.) ಮಾನದಂಡ ಇಲ್ಲಿ ನೇರವಾಗಿದೆ: ಹಬ್ಬದ ಆದಾಯವನ್ನು ಇತರ ತಿಂಗಳುಗಳಿಗೆ ಹಂಚಕೂಡದು, ಬಂದಾಗಲೇ ಬರೆಯಬೇಕು. ಮುಂದೆ ಮಾಡಲಿರುವ ಪ್ರಚಾರದ ಖರ್ಚನ್ನು ಈಗಲೇ ಬರೆದು ಲಾಭವನ್ನು ತಗ್ಗಿಸಲೂ ಕೂಡದು. ಸರಿಯಾದ ನಿಯಮವೇ. ಆದರೆ ಅದನ್ನು ಪಾಲಿಸಿದ ಪ್ರಾಮಾಣಿಕ ಲೆಕ್ಕವೂ ಹಿಂದಿನ ವರ್ಷದ ಅದೇ ತ್ರೈಮಾಸಿಕದ ಪಕ್ಕದಲ್ಲಿ ಇಟ್ಟಾಗ ದಾರಿ ತಪ್ಪಿಸುತ್ತದೆ. ‘ನಮ್ಮ ವ್ಯವಹಾರ ಋತುಮಾನಕ್ಕೆ ಒಳಪಟ್ಟಿದೆ’ ಎಂಬ ಟಿಪ್ಪಣಿಯಿಂದ ಪ್ರಯೋಜನ ಕಡಿಮೆ. ಈ ಸಲ ದಸರೆ ಇತ್ತ ಸರಿದಿದೆ ಎಂದು ಒಂದು ಸಾಲು ಬರೆಯಲು ಏನು ಕಷ್ಟ?

ಆದಾಯ-ಖರ್ಚಿನ ಮಾತು ಇಷ್ಟಾಯಿತು. ಇದಕ್ಕಿಂತ ಗಂಭೀರವಾದುದು ಸಾಲ. ಅದಕ್ಕೆ ಚಾಮರಾಜಪೇಟೆಯಿಂದ ಪುರಭವನದ ಕಡೆ ನಡೆದು ಜೆ.ಸಿ. ರಸ್ತೆಗೆ ಬರಬೇಕು. ಅಲ್ಲಿ ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ಇದೆ. ಹೈದರಾಬಾದಿನ ಡೆಕ್ಕನ್ ಕ್ರಾನಿಕಲ್ ಹೋಲ್ಡಿಂಗ್ಸ್ 2004ರಲ್ಲಿ ಸಾರ್ವಜನಿಕರಿಗೆ ಷೇರು ನೀಡಿದ ಪತ್ರಿಕಾ ಕಂಪನಿ. 2008ರಲ್ಲಿ ಅದು ಬೆಂಗಳೂರು ಆವೃತ್ತಿಯನ್ನು ಆರಂಭಿಸಿತು, ಅದೇ ವರ್ಷ ಐಪಿಎಲ್ ಕ್ರಿಕೆಟಿನ ಹೈದರಾಬಾದ್ ತಂಡದ ಒಡೆತನ ಪಡೆಯಿತು. ಪ್ರತಿ ಮೂರು ತಿಂಗಳಿಗೆ ಫಲಿತಾಂಶಗಳು ಬರುತ್ತಿದ್ದವು. 2012ರಲ್ಲಿ ಸಾಲ ಮರುಪಾವತಿ ತಪ್ಪಿದಾಗಲೇ ಹೊರಗಿನವರಿಗೆ ಸಾಲದ ನಿಜವಾದ ಗಾತ್ರದ ಬಗ್ಗೆ ಅನುಮಾನ ಹುಟ್ಟಿದ್ದು. ಕಂಪನಿ ತನ್ನ ಲೆಕ್ಕವರ್ಷವನ್ನೇ 2012ರ ಸೆಪ್ಟೆಂಬರಿನವರೆಗೆ, 18 ತಿಂಗಳಿಗೆ ಹಿಗ್ಗಿಸಿತು. ತಂಡ ಕೈತಪ್ಪಿತು. ಸಾಲ ಕೊಟ್ಟವರಲ್ಲಿ ಕೆನರಾ ಬ್ಯಾಂಕೂ ಇತ್ತು. ಅದರ ದೂರಿನ ಮೇಲೆ ಸಿಬಿಐ ಮೊಕದ್ದಮೆ ಹೂಡಿತು, 2017ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿತು. ವಾರ್ಷಿಕ ಲೆಕ್ಕಪತ್ರಗಳಲ್ಲಿ ಸಾಲವನ್ನು ಕಡಿಮೆ ತೋರಿಸಲಾಗಿತ್ತು ಎಂಬ ನಿಷ್ಕರ್ಷೆಗೆ ಸೆಬಿ ಮುಂದೆ ಬಂತು.

ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡುತ್ತಿದ್ದ ಕಂಪನಿಯ ಸಾಲ ಜನರ ಕಣ್ಣಿಗೆ ಹೇಗೆ ಬೀಳಲಿಲ್ಲ? ಬೀಳುವಂಥ ವ್ಯವಸ್ಥೆಯೇ ಇರಲಿಲ್ಲ. ತ್ರೈಮಾಸಿಕ ಫಲಿತಾಂಶ ಎಂದರೆ ಆದಾಯ-ಖರ್ಚಿನ ಪಟ್ಟಿ ಮಾತ್ರ. ಆಸ್ತಿ-ಹೊಣೆಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆಯಾದರೂ ಕೊಡಬೇಕೆಂದು ಸೆಬಿ ವಿಧಿಸಿದ್ದು 2010ರಲ್ಲಿ. ಅದಕ್ಕೆ ಮೊದಲು ಸಾಲ ಕಾಣುತ್ತಿದ್ದುದು ವರ್ಷಕ್ಕೊಮ್ಮೆ, ಮಾರ್ಚ್ 31ರ ಒಂದು ದಿನದ ಛಾಯಾಚಿತ್ರದಲ್ಲಿ. ಆ ಒಂದು ದಿನಕ್ಕೆ ಮನೆಯನ್ನು ಚೊಕ್ಕಟ ಮಾಡಿಟ್ಟುಕೊಳ್ಳುವುದು ಎಷ್ಟು ಸುಲಭವೆಂದು ನನ್ನ ವೃತ್ತಿಯವರನ್ನು ಕೇಳಬೇಕು. ಜೂನ್ ಮತ್ತು ಡಿಸೆಂಬರ್ ತ್ರೈಮಾಸಿಕಗಳಿಗೆ ಪೂರ್ಣ ಆಸ್ತಿ-ಹೊಣೆ ಪಟ್ಟಿ ಕೊಡಬೇಕೆಂಬ ಸಾಮಾನ್ಯ ನಿಯಮ ಇಂದಿಗೂ ಇಲ್ಲ.

ಇನ್ನು ನಮ್ಮ ವೃತ್ತಿಯ ಪಾಲು. ತ್ರೈಮಾಸಿಕ ಲೆಕ್ಕಕ್ಕೆ ಲೆಕ್ಕಪರಿಶೋಧಕರು ಕೊಡುವುದು ‘ಸೀಮಿತ ಪರಿಶೀಲನೆ’ಯ ವರದಿ. ಹೆಸರೇ ಹೇಳುವಂತೆ ಅದು ಪರಿಶೋಧನೆ ಅಲ್ಲ. ಆಡಳಿತದವರನ್ನು ವಿಚಾರಿಸುವುದು, ಹಿಂದಿನ ಅಂಕಿಗಳ ಜೊತೆ ಹೋಲಿಸುವುದು, ಅಸಹಜವಾದುದು ಕಂಡರೆ ಪ್ರಶ್ನಿಸುವುದು. ಸಾಮಾನ್ಯವಾಗಿ ಬ್ಯಾಂಕಿಗೆ ಪತ್ರ ಬರೆದು ಸಾಲದ ಬಾಕಿ ಖಚಿತಪಡಿಸಿಕೊಳ್ಳುವುದು ಇದರಲ್ಲಿ ಸೇರಿಲ್ಲ. ನಮ್ಮ ಗಮನಕ್ಕೆ ತಪ್ಪೇನೂ ಬಂದಿಲ್ಲ ಎಂಬ ಧಾಟಿಯಲ್ಲಿ ವರದಿ ಮುಗಿಯುತ್ತದೆ. ಗಮನಕ್ಕೆ ಬಾರದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಷೇರುದಾರರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಲೆಕ್ಕದ ಹೊರಮೈಯನ್ನು ನಂಬಿ ಕೂತರೆ ಏನಾಗುತ್ತದೆಂಬುದು ಬಸವನಗುಡಿಗೆ ಹೊಸದಲ್ಲ. 2020ರ ಜನವರಿಯಲ್ಲಿ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಸಾಲಿನಲ್ಲಿ ನಿಂತವರು ನಮ್ಮ ನಿಮ್ಮ ಮನೆಯ ಹಿರಿಯರೇ.

ಮೂರು ತಿಂಗಳ ಲೆಕ್ಕವೇ ಬೇಡ ಎನ್ನುವ ವಾದವೂ ಇದೆ. ಅದು ಹಗುರವಾದ ವಾದವಲ್ಲ. ತ್ರೈಮಾಸಿಕದ ಗುರಿ ಮುಟ್ಟುವ ಆತುರದಲ್ಲಿ ಕಂಪನಿಗಳು ದೂರದೃಷ್ಟಿ ಕಳೆದುಕೊಳ್ಳುತ್ತವೆ ಎಂಬ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2013ರಲ್ಲಿ ಈ ಕಡ್ಡಾಯವನ್ನು ತೆಗೆದುಹಾಕಿತು, ಬ್ರಿಟನ್ ಮರುವರ್ಷ ಅದನ್ನೇ ಅನುಸರಿಸಿತು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರೂ ಆರು ತಿಂಗಳಿಗೊಮ್ಮೆ ಸಾಕು ಎಂದರು. ಪತ್ರಿಕೆಯೊಂದು ಒಳ್ಳೆಯ ವರದಿಗಾರರನ್ನು ಸೇರಿಸಿಕೊಂಡರೆ ಅದರ ಫಲ ಮೂರು ತಿಂಗಳಿನಲ್ಲಿ ಕಾಣುವುದಿಲ್ಲ, ವೇತನ ಮಾತ್ರ ಕಾಣುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮಲ್ಲಿ ಆಡಳಿತ ಕುಟುಂಬದ ಕೈಯಲ್ಲಿರುವ ಕಂಪನಿಗಳೇ ಹೆಚ್ಚು. ಹೊರಗಿನ ಷೇರುದಾರನಿಗೆ ಇರುವ ಕಿಟಕಿ ಇದೊಂದೇ. ಕಿಟಕಿಯ ಗಾಜು ಮಸುಕಾಗಿದ್ದರೆ ಒರೆಸಬೇಕು, ಗೋಡೆ ಕಟ್ಟಬಾರದು.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪ್ರತಿ ತ್ರೈಮಾಸಿಕ ಫಲಿತಾಂಶದ ಕೆಳಗೆ ಮಾಧ್ಯಮ ಕಂಪನಿಗಳು ಆರೇಳು ಸಾಲು ಬರೆಯಲಿ: ಸಿನಿಮಾ ಮತ್ತು ಧಾರಾವಾಹಿಯ ಖರ್ಚನ್ನು ಎಷ್ಟು ಕಾಲಕ್ಕೆ ಹಂಚುತ್ತಿದ್ದೇವೆ, ಹಂಚದೆ ಉಳಿದಿರುವುದು ಎಷ್ಟು, ಜಾಹೀರಾತು ವರಮಾನದಲ್ಲಿ ಹಣವಾಗಿ ಬಂದದ್ದೆಷ್ಟು, ಷೇರು ಅಥವಾ ವಸ್ತುವಾಗಿ ಬಂದದ್ದೆಷ್ಟು, ಆರು ತಿಂಗಳಿಗೂ ಹಳೆಯದಾದ ಬಾಕಿ ಎಷ್ಟು, ತ್ರೈಮಾಸಿಕದ ಕೊನೆಯ ದಿನ ಸಾಲ ಎಷ್ಟು. ಈ ಮಾಹಿತಿ ಕಂಪನಿಯ ಗಣಕಯಂತ್ರದಲ್ಲಿ ಇದ್ದೇ ಇರುತ್ತದೆ. ವಾಹಿನಿ ಕನ್ನಡದ್ದಾದರೆ ಆ ಸಾಲುಗಳು ಕನ್ನಡದಲ್ಲಿಯೂ ಇರಲಿ.

ಇದನ್ನು ಪತ್ರಿಕೆಯ ಪುಟದಲ್ಲಿ ಬರೆಯುವಾಗ ಒಂದು ಮುಜುಗರವನ್ನು ಹೇಳದೆ ಬಿಡಲಾಗದು. ನಾವು ಓದುವ ಕನ್ನಡ ದಿನಪತ್ರಿಕೆಗಳಲ್ಲಿ ಬಹುತೇಕವು ಖಾಸಗಿ ಕಂಪನಿಗಳ, ಟ್ರಸ್ಟುಗಳ ಒಡೆತನದವು. ಅವುಗಳಿಗೆ ತ್ರೈಮಾಸಿಕ ಲೆಕ್ಕದ ಗೊಡವೆಯೇ ಇಲ್ಲ. ಪ್ರತಿ ವರ್ಷ ಮಾರ್ಚ್ ಆರಂಭದಲ್ಲಿ ಒಳಪುಟದ ಮೂಲೆಯೊಂದರಲ್ಲಿ ‘ನಮೂನೆ 4’ ಎಂಬ ಹೇಳಿಕೆ ಬರುತ್ತಿದ್ದುದನ್ನು ಹಳೆಯ ಓದುಗರು ಬಲ್ಲರು. 1956ರ ನಿಯಮಗಳ ಪ್ರಕಾರ ಅದರಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು, ಬಂಡವಾಳದಲ್ಲಿ ಶೇ 1ಕ್ಕಿಂತ ಹೆಚ್ಚು ಪಾಲುಳ್ಳವರು ಇವರ ಹೆಸರಿರಬೇಕಿತ್ತು. 1867ರ ಹಳೆಯ ಪತ್ರಿಕಾ ಕಾಯ್ದೆಯ ಜಾಗಕ್ಕೆ 2024ರ ಮಾರ್ಚಿನಿಂದ ಹೊಸ ಕಾಯ್ದೆ ಬಂದಿದೆ. ಪತ್ರಿಕೆ ಯಾರದು ಎಂದು ತಿಳಿಸುವ ಪರಿಪಾಟ ನಮ್ಮಲ್ಲಿ ಹಳೆಯದು. ಯಾವ ಹಣದಿಂದ ನಡೆಯುತ್ತದೆ, ಅದರಲ್ಲಿ ಸರ್ಕಾರಿ ಜಾಹೀರಾತಿನ ಪಾಲೆಷ್ಟು, ಸಾಲ ಯಾರಲ್ಲಿದೆ ಎಂದು ಓದುಗರಿಗೆ ತಿಳಿಸುವ ಪರಿಪಾಟ ಎಂದೂ ಬೆಳೆಯಲಿಲ್ಲ. ಖಾಸಗಿ ಕಂಪನಿಯ ವಾರ್ಷಿಕ ಲೆಕ್ಕವನ್ನು ಕಂಪನಿ ನೋಂದಣಾಧಿಕಾರಿಗಳ ದಾಖಲೆಯಿಂದ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು ಎನ್ನುವುದು ನಿಜ. ಎಷ್ಟು ಮಂದಿ ನೋಡಿದ್ದಾರೆ? ಇನ್ನೊಬ್ಬರ ಲೆಕ್ಕ ಕೇಳುವುದನ್ನೇ ಕಸುಬಾಗಿ ಉಳ್ಳವರು ವರ್ಷಕ್ಕೊಮ್ಮೆ ತಮ್ಮ ಲೆಕ್ಕವನ್ನು ತಮ್ಮದೇ ಪುಟದಲ್ಲಿ ಅಚ್ಚು ಹಾಕಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಮೇಷ್ಟ್ರ ವಿಷಯಕ್ಕೆ ಬರೋಣ. ಅವರು ಆ ಕಂಪನಿಯ ಹಿಂದಿನ ವಾರ್ಷಿಕ ವರದಿಯನ್ನು ತರಿಸಿಕೊಂಡು, ಲೆಕ್ಕಪತ್ರ ನೀತಿಯ ಪುಟಗಳನ್ನು ಪೆನ್ಸಿಲ್ ಹಿಡಿದು ಎರಡು ಸಲ ಓದಿದರು. ಕಂಪನಿಯ ಕಾರ್ಯದರ್ಶಿಗೆ ಸುಂದರವಾದ ಕೈಬರಹದಲ್ಲಿ ಮೂರು ಪ್ರಶ್ನೆಗಳ ಪತ್ರ ಬರೆದರು. ಮೂರನೆಯದು ನನಗೆ ತೋಚದೇ ಇದ್ದದ್ದು: ನಾಲ್ಕನೆಯ ಸಲ ಪ್ರಸಾರವಾದ ಸಿನಿಮಾಗಳಿಂದ ನಿಮಗೆ ಬಂದ ಜಾಹೀರಾತು ಹಣ ಎಷ್ಟು? ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಬೇಕೆಂದು ಬಸವನಗುಡಿ ಅಂಚೆ ಕಚೇರಿಗೆ ಹೋದರೆ, ಆ ಸೇವೆ 2025ರಲ್ಲಿಯೇ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ ಎಂದರಂತೆ. ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸಿದ್ದಾರೆ. ತಲುಪಿದೆ ಎಂಬ ಸಂದೇಶ ಮೊಮ್ಮಗಳ ಫೋನಿಗೆ ಬಂದಿದೆ. ಉತ್ತರ ಇನ್ನೂ ಬಂದಿಲ್ಲ.